ಬಂಗಲೆ ಬಳ್ಳಿ

ಜವರಪ್ಪ ಕುಡುಗೋಲು ಎತ್ತಿದ್ದೇ ತಡ, ನೇತ್ರಾವತಿ ಅಂಗಳ ದಾಟಿ ಓಡಿಬಂದು ಅವನ ಮುಂಗೈ ಹಿಡಿದುಕೊಂಡಳು. ಸಾವಿನ ಮನೆಯಲ್ಲಿ ಸೊಸೆಯಾದವಳು ಅತ್ತೆಯ ತಮ್ಮನ ಕೈ ಹಿಡಿದದ್ದನ್ನು ಪಾಳ್ಯದ ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ತಮಟೆಯವನು ಬಡಿಯುವುದನ್ನೇ ನಿಲ್ಲಿಸಿದ.

"ಕೈ ಬುಡವ್ವ. ಬಳ್ಳಿ ಕುಯ್ದು ಪೈಪ್ ಕಿತ್ತಾಕಿದ್ರೆ ವಿಮಾನ ಆಚೆ ಹೋಯ್ತದೆ. ಹೊತ್ತು ಇಳೀತಾ ಐತೆ."

"ಕುಯ್ಯಂಗಿಲ್ಲ ಮಾವ."

"ಒಡಹುಟ್ಟಿದೋಳು ಕಣವ್ವ ಅವ್ಳು ನಂಗೆ. ಅವ್ಳಿಗಿಂತ ಈ ಬಳ್ಳಿ ದೊಡ್ದಾ?"

ನೇತ್ರಾವತಿ ಹಿಡಿದ ಕೈ ಬಿಡಲಿಲ್ಲ.

ಅಂಗಳದ ನಡುವೆ ಹೆಣ ಹೊರುವ ವಿಮಾನ ಸಿದ್ಧವಾಗಿತ್ತು. ಬಿದಿರಿನ ಚೌಕಟ್ಟಿನಲ್ಲಿ ಅತ್ತೆ ಬಸಮ್ಮನನ್ನು ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ತಲೆಯ ಮೇಲೆ ಬಾಳೆದಿಂಡು, ಬಣ್ಣದ ಕಾಗದದ ಗೋಪುರ. ಬೆಳಗೋಡಿನಿಂದ ಬೆಳಿಗ್ಗೆಯೇ ಬಂದಿದ್ದ ಜವರಪ್ಪ, ಅಕ್ಕನಿಗೆ ಯಾವುದೂ ಕಡಿಮೆಯಾಗಬಾರದೆಂದು ಅದನ್ನು ತಾನೇ ನಿಂತು ಎತ್ತರವಾಗಿ ಕಟ್ಟಿಸಿದ್ದ. ಗೇಟಿನ ಅಳತೆ ಯಾರಿಗೂ ನೆನಪಾಗಿರಲಿಲ್ಲ.

ಗೇಟಿನ ಎರಡು ಕಲ್ಲುಕಂಬಗಳ ಮೇಲೆ ಬಗ್ಗಿಸಿ ನಿಲ್ಲಿಸಿದ ಕಬ್ಬಿಣದ ಪೈಪು ಈಗ ಕಾಣಿಸುತ್ತಲೇ ಇರಲಿಲ್ಲ. ಅದರ ತುಂಬ ಬಳ್ಳಿ. ಬಳ್ಳಿಯ ತುಂಬ ಹೂವು. ಒಂದೊಂದೂ ಅಂಗೈಯಗಲ, ಮಾಗಿದ ನೇರಳೆಯ ಬಣ್ಣ, ನಡುವೆ ಹಳದಿ ಕೇಸರ. ಎಲೆಗಳನ್ನು ಹುಡುಕಬೇಕಿತ್ತು. ಹೆಣ ನೋಡಲು ಬಂದವರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಬರುತ್ತಿದ್ದರು, ಗೇಟಿನಡಿ ಬಂದಕೂಡಲೇ ಕತ್ತೆತ್ತಿ, ಅಳು ಮರೆತು ನಿಲ್ಲುತ್ತಿದ್ದರು. ಕಾಫಿ ತೋಟದ ಹಳೆಯ ಜೊತೆಗಾತಿ ಮಾದೇವಮ್ಮನಂತೂ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದಿದ್ದಳು.

"ಇದು ಆ ಗೊಡ್ಡು ಬಳ್ಳೀನೇ ಏನೇ ನೇತ್ರಾ?" ಎಂದು ಕೇಳಿದ್ದಳು, ಪಿಸುಮಾತಿನಲ್ಲಿ.

*

ಬಸಮ್ಮ ತೋಟದಲ್ಲಿ ಚಿಗುರು ತೆಗೆಯುವ ಹೆಂಗಸು. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರನ್ನು ಎಳಸಿರುವಾಗಲೇ ಮುರಿಯದಿದ್ದರೆ ಗಿಡದ ಸಾರವೆಲ್ಲ ಅದಕ್ಕೇ ಹೋಗಿ ಕಾಯಿ ಕಡಿಮೆಯಾಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಿಟ್ ಎನ್ನಿಸಬೇಕು. ಹರೆಯದಿಂದ ಮಾಡಿದ ಕೆಲಸ. ಆ ಎರಡು ಬೆರಳ ತುದಿಗಳಿಗೆ ಹತ್ತಿದ ಕಪ್ಪು ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗಲೂ ಬೇಲಿಯ ಚಿಗುರು ಮುರಿಯುತ್ತ ನಿಲ್ಲುತ್ತಿದ್ದಳು. ಮಾದೇವಮ್ಮನ ಮಗಳ ಮದುವೆಯಲ್ಲಿ ಚಪ್ಪರದ ಮಾವಿನ ಚಿಗುರನ್ನೂ ಬಿಟ್ಟಿರಲಿಲ್ಲ.

ಆ ತೋಟದ ಬಂಗಲೆಯ ಜಗಲಿಯ ಮೇಲೆ ಈ ಬಳ್ಳಿ ಇತ್ತು. ಕ್ಲೆಮ್ಯಾಟಿಸ್ ಎಂದು ಬಂಗಲೆಯ ಅಮ್ಮ ಹೇಳುತ್ತಿದ್ದರು, ಬಸಮ್ಮನಿಗೆ ಅದು ಬಂಗಲೆ ಬಳ್ಳಿ. ಹೂ ಬಿಟ್ಟಾಗ ಕೆಲಸದ ನಡುವೆ ಏನಾದರೂ ನೆಪ ಹೂಡಿ ಆ ಕಡೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ತೊಂಬತ್ತೈದರ ಸುಮಾರಿಗೆ ತೋಟ ಮಾರಾಟವಾಯಿತು. ಹೊರಡುವ ಮುನ್ನ ಅಮ್ಮ, ಬೇರು ಬಿಟ್ಟ ಒಂದು ಕಡ್ಡಿಯನ್ನು ಹಾಲಿನ ಡಬ್ಬಿಯಲ್ಲಿ ಅವಳ ಕೈಗಿಟ್ಟರು.

"ಬುಡ ತಣ್ಣಗಿರ್ಲಿ, ತಲೆಗೆ ಬಿಸಿಲು ಬೀಳ್ಲಿ. ಆಮೇಲೆ ಅದ್ರ ಪಾಡಿಗೆ ಅದನ್ನ ಬಿಟ್ಬಿಡು ಬಸಮ್ಮ."

ಮೊದಲ ಎರಡನ್ನು ಅವಳು ವ್ರತದಂತೆ ಪಾಲಿಸಿದಳು. ಹಳ್ಳದಿಂದ ಚಪ್ಪಡಿ ಕಲ್ಲು ಹೊತ್ತು ತಂದು ಬುಡದ ಮೇಲೆ ಹಾಸಿದಳು, ರಾಗಿಹುಲ್ಲು ಹೊದಿಸಿದಳು, ಕೊಟ್ಟಿಗೆಯ ಹಳೇ ಗೊಬ್ಬರ ಕೊಟ್ಟಳು. ಬಿಸಿಲಿಗೆ ಏರಲೆಂದು ಮಗ ಶಿವರುದ್ರನಿಂದ ಪೈಪು ಬಗ್ಗಿಸಿ ಹಾಕಿಸಿದಳು. ಪಾಡಿಗೆ ಬಿಡುವುದು ಹೇಗೆಂದು ಮಾತ್ರ ಆ ಕೈಗೆ ಗೊತ್ತಿರಲಿಲ್ಲ. ಬೆಳಗಾದರೆ ಗೇಟಿನ ಹತ್ತಿರ ನಿಂತು ಬಳ್ಳಿಯ ಮೈಯೆಲ್ಲ ತಡವಿ, ಮೇಲೆದ್ದ ಎಳೆಯ ಕುಡಿಗಳನ್ನೆಲ್ಲ ಚಿಟ್ ಚಿಟ್ ಎಂದು ಮುರಿದು ಬರುವಳು. ಬಳ್ಳಿ ಸಾಯಲಿಲ್ಲ, ಹೂವನ್ನೂ ಬಿಡಲಿಲ್ಲ. ವರ್ಷಗಳು ಹೋದವು. ಹಿಂಡಿ ನೆನೆಸಿ ಹಾಕಿದಳು, ಮಜ್ಜಿಗೆ ಹೊಯ್ದಳು, ಬೈದಳು.

"ಒಂದ್ಸಲ ಹಂಗೇ ಬುಟ್ಟು ನೋಡಿ ಅತ್ತೆ," ಎಂದಿದ್ದಳು ನೇತ್ರಾವತಿ ಒಮ್ಮೆ.

"ತೋಟದ ಕೆಲ್ಸ ನೋಡೋ ರೈಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೂ ನನ್ ಸಾಲಲ್ಲಿ ಒಂದು ಕಂಬಚಿಗುರು ಸಿಕ್ತಿರ್ಲಿಲ್ಲ ಕಣೆ. ನೀನು ನಂಗೇಳ್ಕೊಡೋಳಾ?"

*

ಈ ಸಲದ ಸಂಕ್ರಾಂತಿ ಕಳೆದ ಮೇಲೆ ಬಸಮ್ಮ ಬಚ್ಚಲಲ್ಲಿ ಬಿದ್ದಳು. ಬಲಗೈ, ಬಲಗಾಲು ಹೋದವು. ಮಾತು ಅರ್ಧ ಉಳಿಯಿತು. ಜಗಲಿಯ ಮೇಲೆ ಮಂಚ ಹಾಕಿದರು. ಶಿವರುದ್ರ ಬೆಳಗಾಗುತ್ತಲೇ ಆಟೊ ತೆಗೆದುಕೊಂಡು ಸಕಲೇಶಪುರಕ್ಕೆ ಹೋಗಿಬಿಡುವನು. ಎರಡು ಮಕ್ಕಳ ಶಾಲೆ, ಹಸು, ಅತ್ತೆಯ ಮೈ ತೊಳೆಯುವುದು, ಎಲ್ಲವೂ ನೇತ್ರಾವತಿಯ ಪಾಲಿಗೆ. ನಿಂತಲ್ಲೇ ಉಂಡು, ಕೂತಲ್ಲೇ ತೂಕಡಿಸುವ ಅವಳಿಗೆ ಬಳ್ಳಿಯ ಕಡೆ ನೋಡಲು ಪುರಸೊತ್ತಿರಲಿಲ್ಲ. ಯಾರೂ ಮುಟ್ಟದ ಕುಡಿಗಳು ಪೈಪು ಹತ್ತಿ, ಆ ಕಂಬದಿಂದ ಈ ಕಂಬಕ್ಕೆ ದಾಟಿ, ಕೆಳಗೆ ಜೋತುಬಿದ್ದವು. ರಂಗೋಲಿ ಹಾಕುವಾಗ ತಲೆಗೆ ತಾಗಿದರೆ ಕೈಯಿಂದ ಸರಿಸುವಳು, ಅಷ್ಟೆ.

ಯುಗಾದಿಯ ಮಳೆ ಬಿದ್ದು ಸ್ವಲ್ಪ ದಿನಕ್ಕೆ, ಹಾಗೆ ತಲೆಗೆ ತಾಗಿದ ಕುಡಿಯೊಂದರ ತುದಿಯಲ್ಲಿ ಮೊಗ್ಗಿತ್ತು.

ಅವಳು ಚೀರಿದಳು. ಮಂಚದಲ್ಲಿದ್ದ ಅತ್ತೆಗೆ ದಿಂಬು ಒತ್ತುಕೊಟ್ಟು ಕೂರಿಸಿ ಬೆರಳು ತೋರಿಸಿದಳು. ಬಸಮ್ಮ ಮೊಗ್ಗನ್ನು ನೋಡಿದಳು. ಮೊಗ್ಗು ಹೊತ್ತ ಎಳೆಯ ಕುಡಿಯನ್ನು ಬುಡದವರೆಗೂ ನೋಡಿದಳು. ಆಮೇಲೆ ಎಡಗೈಯಿಂದ ಜೀವವಿಲ್ಲದ ಬಲಗೈಯನ್ನು ಎತ್ತಿ ಮುಖದ ಮುಂದೆ ಹಿಡಿದುಕೊಂಡಳು.

"ಇದೇ... ಇದೇ ಕಣೆ ಹೂವ ತಿಂದದ್ದು," ಎಂದಳು. ಅರ್ಧ ಬಾಯಲ್ಲಿ ನಗತೊಡಗಿದಳು. ಆ ನಗು ನಿಲ್ಲಲೇ ಇಲ್ಲ. ಜೊಲ್ಲು ಒರೆಸುತ್ತ ಒರೆಸುತ್ತ ನೇತ್ರಾವತಿಗೂ ನಗು ಬಂದು ಇಬ್ಬರ ಕಣ್ಣಲ್ಲೂ ನೀರಾಯಿತು.

"ಮುರೀಬ್ಯಾಡ. ಯಾರ್ಗೂ... ಮುರ್ಯಕ್ಕೆ ಬುಡಬ್ಯಾಡ."

ಅಂದಿನಿಂದ ಬೆಳಕು ಹರಿಯುವ ಮೊದಲೇ ಗೇಟಿನ ಕಡೆ ತಿರುಗಿಸೆಂದು ಕರೆಯುವಳು. ಮೊದಲ ಹೂ ಬಿರಿದ ದಿನ ಅವಳಿಗೆ ಗಂಜಿ ಬೇಡವಾಯಿತು. ಶಿವನ ಗುಡಿಯಲ್ಲೂ ಪಕ್ಕದವಳ ಜೊತೆ ಮಾತಾಡದೆ ನಿಂತವಳಲ್ಲ ಅವಳು. ಆ ದಿನ ಬಿಸಿಲು ಮೆಟ್ಟಿಲು ದಾಟಿ ಮಂಚಕ್ಕೆ ಬರುವವರೆಗೂ ರೆಪ್ಪೆ ಬಡಿಯದೆ ಸುಮ್ಮನಿದ್ದಳು.

*

"ಹಿತ್ತಲ ಕಡೆಯಿಂದ ಸಾಗಿಸಾಣ?" ಎಂದ ಶಿವರುದ್ರ, ಹೆಂಡತಿಯನ್ನೂ ಸೋದರಮಾವನನ್ನೂ ಬದಲಿಸಿ ಬದಲಿಸಿ ನೋಡುತ್ತ.

"ಕದ್ದ ಮಾಲೇನೋ ನಿಮ್ಮವ್ವ?" ಜವರಪ್ಪ ಗದರಿದ.

"ಮಾವ, ಗೋಪುರ ತೆಗೀರಿ," ಎಂದಳು ನೇತ್ರಾವತಿ. "ತೆಗೆದು ತಗ್ಗಿಸಿ ಹಿಡುದ್ರೆ ಹೋಯ್ತದೆ. ಮುರೀಬ್ಯಾಡ ಅಂತ ಅವ್ರೇ ಹೇಳವ್ರೆ."

"ಬೋಳುತಲೇಲಿ ಕಳ್ಸೋದಾ ನಮ್ಮಕ್ಕನ್ನ?"

"ಅಯ್ಯೋ ಮಾರಾಯ," ಮಾದೇವಮ್ಮ ಮುಂದೆ ಬಂದಳು, "ಜನ್ಮವೆಲ್ಲ ಗೊಬ್ಬರದ ಚೀಲ ಹೊದ್ಕಂಡು ಮಳೇಲಿ ತಿರುಗ್ದೋಳಿಗೆ ಈಗ್ಯಾಕೆ ನಿನ್ನ ಗೋಪುರ? ತಲೆ ಮ್ಯಾಲೆ ನೋಡು, ಅದಕ್ಕಿಂತ ಗೋಪುರ ಕಟ್ತೀಯಾ ನೀನು?"

ಜವರಪ್ಪ ಕತ್ತೆತ್ತಿದ. ಅಷ್ಟು ಹೊತ್ತೂ ಕಡಿಯಬೇಕಾದ ಜಾಗವನ್ನಷ್ಟೇ ನೋಡಿದ್ದವನು ಈಗ ಹೂಗಳನ್ನು ನೋಡಿದ. ಅವನ ಕೈ ಸಡಿಲವಾದದ್ದು ನೇತ್ರಾವತಿಯ ಹಿಡಿತಕ್ಕೆ ತಿಳಿಯಿತು. ಅವನು ಕುಡುಗೋಲನ್ನು ಕಲ್ಲುಕಂಬಕ್ಕೆ ಒರಗಿಸಿ, ತಾನು ಕಟ್ಟಿಸಿದ ಗೋಪುರದ ಹಗ್ಗವನ್ನು ತಾನೇ ಬಿಚ್ಚತೊಡಗಿದ.

ನಾಲ್ವರು ವಿಮಾನವನ್ನು ಸೊಂಟದ ಮಟ್ಟಕ್ಕೆ ಹಿಡಿದು, ಮಂಡಿ ಬಗ್ಗಿಸಿ ಮೆಲ್ಲಗೆ ನಡೆದರು. ಬಸಮ್ಮನ ವಿಭೂತಿಯ ಹಣೆ ಹೂಗಳ ಒಳಹೊಕ್ಕಿತು. ದಳಗಳು ಕೆನ್ನೆ ಸವರಿದವು. ಕಂಬದ ನಡುವೆ ಹಿಂದಿನವನ ಕಾಲು ಹೊಸಲಿಗೆ ತಾಗಿ ಎಲ್ಲರೂ ಒಂದು ಗಳಿಗೆ ನಿಂತರು. ಜೋತಾಡುತ್ತಿದ್ದ ಎಳೆಯ ಕುಡಿಯೊಂದು, ತುದಿಯಲ್ಲಿ ಮೊಗ್ಗು ಹೊತ್ತದ್ದು, ಬಸಮ್ಮನ ಭುಜದಿಂದ ಜಾರಿ ಮಡಿಲಿಗೆ ಬಿತ್ತು. ಮಡಿಲಲ್ಲಿ ಸೆಟೆದಿದ್ದ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸರಿಯಾಗಿ ಹೋಗಿ ಕೂತಿತು.

ಮಾದೇವಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನೇತ್ರಾವತಿ ಬಿಡಿಸಲು ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು.

"ನಡೀರಿ," ಎಂದ ಜವರಪ್ಪ, ಬಹಳ ಮೆಲ್ಲಗೆ.

ವಿಮಾನ ಮುಂದೆ ಸರಿಯಿತು. ಕುಡಿ ಬಿಗಿಯಾಗಿ ಎಳೆದುಕೊಂಡಿತು, ಕಪ್ಪುಗಟ್ಟಿದ ಆ ಎರಡು ಬೆರಳ ಸಂದಿಯಿಂದ ಉದ್ದಕ್ಕೂ ಜಾರುತ್ತ ಬಂದು, ಕೊನೆಗೆ ಮೊಗ್ಗಿನ ಸಮೇತ ಹೊರಬಂದು, ಮೇಲಕ್ಕೆ ಚಿಮ್ಮಿ, ಖಾಲಿಯಾದ ಗೇಟಿನಲ್ಲಿ ತೂಗಾಡತೊಡಗಿತು.