ಕಾಣಿ ಅಂದರೆ ಕಾರಲ್ಲ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆ ಸುಳ್ಳಾದರೂ ಗಾಡಿ ಸುಳ್ಳಾಗದು. ಗಾಡಿ ಎಂದರೆ ನಾನೇ. ಆದ್ದರಿಂದ ಈಗ ಹೇಳಹೊರಟಿರುವುದು ಅಪ್ಪಟ ನಿಜ. ಬೇಕಿದ್ದರೆ ನನ್ನ ಸ್ಟೇರಿಂಗ್ ಮುಟ್ಟಿ ಆಣೆ ಮಾಡುತ್ತೇನೆ.

ನಾನು ಒಂದು ಸ್ಪೋರ್ಟ್ಸ್ ಕಾರು. ಬಣ್ಣ ಕೆಂಪು, ಸೀಟು ಎರಡು, ತಲೆಯ ಮೇಲೆ ಸೂರಿಲ್ಲ, ಮಡಚುವ ಬಟ್ಟೆಯ ಟೋಪಿ ಮಾತ್ರ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನ ಎಣ್ಣೆ ಕೈಯ ಮನುಷ್ಯನೊಬ್ಬ ನನ್ನ ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದ. ‘ಖೊರ್, ಖೊರ್... ಟಪ್... ಘುರ್ರ್ರ್!’ ಎರಡು ಕೆಮ್ಮು, ಒಂದು ಸೀನು, ಆಮೇಲೆ ಗರ್ಜನೆ. ಆತ ತಲೆದೂಗಿ ಮುಂದಿನ ಕಾರಿಗೆ ಹೋದ. ಅದು ನನ್ನ ಹುಟ್ಟುಸ್ವರ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಡಗಿನಲ್ಲಿ ಮುಂಬಯಿಗೆ ಬಂದೆ. ಮೊದಲ ಯಜಮಾನರು ಬಟ್ಟೆ ಗಿರಣಿಯ ಸೇಠರು. ಹಗಲು ಅವರಿಗೆ ಕಾರು, ಸಂಜೆ ಬಾರು. ಎರಡೂ ಸೇರಿ ಕಾರುಬಾರು ಮುಳುಗಿತು. ಎರಡನೆಯ ಯಜಮಾನರು ನಿವೃತ್ತ ಕರ್ನಲ್ ಸಾಹೇಬರು. ಅವರು ನನ್ನನ್ನು ಹಿಮಾಚಲದ ನಾರ್ಕಂಡಕ್ಕೆ ಕರೆತಂದರು. ಸೇಬಿನ ತೋಟ, ದೇವದಾರು ಮರ, ತಿರುವಿನ ಮೇಲೆ ತಿರುವು. ಬೇಸಿಗೆಯಲ್ಲಿ ನಾರ್ಕಂಡ ಕಂಡವನು ಸ್ವರ್ಗ ಕಂಡ, ಚಳಿಗಾಲದಲ್ಲಿ ಕಂಡವನು ನರಕ ಕಂಡ. ಕರ್ನಲ್ಲರು ತಿರುವುಗಳನ್ನು ಶತ್ರುಗಳೆಂದೇ ತಿಳಿದು ಓಡಿಸುತ್ತಿದ್ದರು. ಒಂದು ದಿನ ಗುಡ್ಡದಿಂದ ಉರುಳಿದ ಕಲ್ಲೊಂದು ನನ್ನ ಎಡಗಣ್ಣಿನ ದೀಪ ಒಡೆಯಿತು. ಅಂಥ ದೀಪ ಆಮೇಲೆ ಎಲ್ಲೂ ಸಿಗಲಿಲ್ಲ. ಅಂದಿನಿಂದ ನಾನು ಒಕ್ಕಣ್ಣಿ.

ಕರ್ನಲ್ಲರು ದಿನಾ ಬೆಳಗ್ಗೆ ತಿಂಡಿಗೆ ಹೋಗುತ್ತಿದ್ದದ್ದು ಬಜಾರಿನ ಮೇಲಿನ ಉಡುಪಿ ಹೋಟೆಲಿಗೆ. ಅದರ ಮಾಲೀಕರು ಸಾಲಿಗ್ರಾಮದ ಕಡೆಯ ವಾಸುದೇವ ಐತಾಳರು. ದೋಸೆಗಿಂತ ಹೆಚ್ಚು ಹೆಸರು ಮಾಡಿದ್ದು ಅವರ ಬಾಯಿ. ಶಿಮ್ಲಾ ಬಸ್ಸಿನ ಹಾರ್ನು, ಬಿಲ್ಲು ನೋಡಿ ಬೆಚ್ಚಿದ ಪ್ರವಾಸಿಯ ಕೆಮ್ಮು, ಕುಕ್ಕರಿನ ಸೀಟಿ, ಸ್ವತಃ ಕರ್ನಲ್ಲರ ಗುಡುಗು, ಯಾವುದನ್ನು ಕೇಳಿದರೂ ಅವರ ಬಾಯಿಂದ ಬರುತ್ತಿತ್ತು. ನನ್ನದಂತೂ ಎಷ್ಟು ಕರಾರುವಾಕ್ಕಾಗಿ ಬರುತ್ತಿತ್ತೆಂದರೆ, ಒಮ್ಮೆ ಕರ್ನಲ್ಲರು ಕಾಫಿ ಬಿಟ್ಟು ಕಳ್ಳನನ್ನು ಹಿಡಿಯಲು ಓಡಿದ್ದರು. ವಯಸ್ಸಾಗಿ ಮಗಳ ಮನೆಗೆ ಇಳಿದುಹೋಗುವಾಗ ಅವರು ಕೀಲಿಯನ್ನು ಐತಾಳರ ಕೈಗಿಟ್ಟು, “ಇದರ ಸ್ವರ ಆಗಲೇ ನಿನ್ನ ಹತ್ತಿರ ಇದೆ. ಮೈಯನ್ನೂ ಇಟ್ಟುಕೋ,” ಎಂದರು.

ಐತಾಳರ ಹೆಂಡತಿ ಜಲಜಮ್ಮ. ಪಕ್ಕದ ಸೀಟು ಅವರದಾಯಿತು. ಇಬ್ಬರೇ ಮನುಷ್ಯರು, ಎರಡೇ ಸೀಟು. ಜಗಳಕ್ಕೆ ಕೂರಲು ಜಾಗವಿಲ್ಲ ಎಂದುಕೊಂಡಿದ್ದೆ. ಜಲಜಮ್ಮನಿಗೆ ಪ್ರತಿ ತಿರುವಿನಲ್ಲೂ ಏನಾದರೊಂದು ತೋರಿಸಬೇಕು. “ಹ್ವಾಯ್, ಅಲ್ಲ್ ಕಾಣಿ! ಬಿಳಿ ಬೆಟ್ಟ ಕಾಣಿ! ಎದ್ರಿಗ್ ಲಾರಿ ಬತ್ತಾ ಇತ್ತ್ ಕಾಣಿ!” ಅವರ ಊರಿನ ಕಡೆ ಕಾಣಿ ಅಂದರೆ ನೋಡಿ ಅಂತ. ನಾರ್ಕಂಡದವರ ಹಿಂದಿಯಲ್ಲಿ ಕಾನಿ ಅಂದರೆ ಒಂದು ಕಣ್ಣಿನವಳು. ಒಂದೇ ದೀಪದ ಕಾರೊಳಗಿಂದ ಹೆಂಗಸೊಬ್ಬರು ಸದಾ ‘ಕಾಣಿ, ಕಾಣಿ’ ಎಂದು ಕೂಗುತ್ತ ಹೋದರೆ ಜನ ಏನು ತಿಳಿಯಬೇಕು? ಕಾರಿನ ಹೆಸರೇ ಅದು ಎಂದು ತಿಳಿದರು. ‘ಣ’ ಮತ್ತು ‘ನ’ದ ವ್ಯತ್ಯಾಸ ಬೆಟ್ಟದ ಗಾಳಿಗೆ ಹಾರಿಹೋಯಿತು. ಮೆಕ್ಯಾನಿಕ್ ಬಾಲಕ್‌ರಾಮನಂತೂ ಎಣ್ಣೆ ಬದಲಾಯಿಸುವಾಗ ನನ್ನ ಬೆನ್ನು ತಟ್ಟಿ, “ಹೇಗಿದ್ದೀಯೇ ಕಾನಿ?” ಎಂದು ಮಾತಾಡಿಸಿಯೇ ಕೆಲಸ ಶುರುಮಾಡುತ್ತಿದ್ದ. ದಂಪತಿಗೆ ಈ ನಾಮಕರಣ ಗೊತ್ತೇ ಇರಲಿಲ್ಲ.

ಹಿಮ ಬೀಳುವ ಮೊದಲು ಗಂಡ ಹೆಂಡತಿ ಸೇರಿ ನನ್ನನ್ನು ಮಲಗಿಸುತ್ತಿದ್ದರು. ಹೋಟೆಲಿನ ಹಿಂದಿನ ಸೌದೆ ಷೆಡ್ಡು ನನ್ನ ಮಲಗುವ ಕೋಣೆ. ಟ್ಯಾಂಕಿಗೆ ತುಂಬ ಪೆಟ್ರೋಲು. ಚಕ್ರ ಚಪ್ಪಟೆಯಾಗದಿರಲೆಂದು ಅಡಿಗೆ ಮರದ ದಿಮ್ಮಿ. ಇಲಿ ನುಗ್ಗದಿರಲೆಂದು ಹೊಗೆ ಕೊಳವೆಗೆ ಚಿಂದಿ, ಸೀಟಿನಡಿ ನುಸಿಗುಳಿಗೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ. ಕೊನೆಗೆ ದಪ್ಪ ಟಾರ್ಪಾಲು. ಆಮೇಲೆ ಹೋಟೆಲಿಗೆ ಬೀಗ ಹಾಕಿ ಇಬ್ಬರೂ ಸಾಲಿಗ್ರಾಮಕ್ಕೆ ಇಳಿಯುತ್ತಿದ್ದರು. ನಾನು ಕತ್ತಲಲ್ಲಿ, ಸೂರಿನ ತಗಡಿನ ಮೇಲೆ ಹಿಮ ಬೀಳುವುದನ್ನು ಕೇಳುತ್ತ ಮಲಗುತ್ತಿದ್ದೆ. ಹಿಮ ಬೀಳುವಾಗ ಸದ್ದಾಗುವುದಿಲ್ಲ. ಇದ್ದ ಸದ್ದುಗಳೆಲ್ಲ ಒಂದೊಂದಾಗಿ ನಿಲ್ಲುತ್ತವೆ, ಅದನ್ನೇ ಕೇಳಬೇಕು. ಓಡಲು ಹುಟ್ಟಿದವರಿಗೆ ಅದು ಕಷ್ಟದ ಪಾಠ.

ಆ ವರ್ಷ ಜಲಜಮ್ಮನಿಗೆ ಒಂದು ಆಸೆ. ನನ್ನನ್ನು ಮಲಗಿಸುವ ಮೊದಲು ಒಮ್ಮೆ ಮೇಲಿನ ಕಣಿವೆಯವರೆಗೆ ಹೋಗಿ, ಬಿಸಿಲು ಬಿದ್ದ ಬೆಟ್ಟ ನೋಡುತ್ತ ಫ್ಲಾಸ್ಕಿನ ಕಾಫಿ ಕುಡಿಯಬೇಕು. “ನಾಳೆ ಹೋಪ ಮಾರಾಯ್ತಿ,” ಎಂದು ಐತಾಳರು ದಿನ ದೂಡಿದರು. ಒಂದು ದಿನ ಮೋಡ ಕಟ್ಟಿದ್ದೇ ತಡ, ಹೆದರಿ ನನ್ನನ್ನು ದಿಮ್ಮಿಯ ಮೇಲೇರಿಸಿಬಿಟ್ಟರು. ಜಲಜಮ್ಮ ಫ್ಲಾಸ್ಕನ್ನು ದಡ್ಡೆಂದು ಕಪಾಟಿನೊಳಗಿಟ್ಟರು.

ಮರುದಿನ ಬೆಳಗ್ಗೆ ಹೆಂಡತಿಯನ್ನು ನಗಿಸಲು ಐತಾಳರಿಗೆ ಒಂದೇ ದಾರಿ ಹೊಳೆಯಿತು. ಷೆಡ್ಡಿನೊಳಗೆ ಬಂದು ನನ್ನ ಪಕ್ಕ ನಿಂತು ಶುರುಮಾಡಿದರು: “ಖೊರ್, ಖೊರ್... ಟಪ್... ಘುರ್ರ್ರ್!” ಒಳಗೆ ಬಾಗಿಲುಗಳು ದಡಬಡ ತೆರೆದುಕೊಂಡವು. ತನಗೋಸ್ಕರ ಕಾರು ಇಳಿಸಿದ್ದಾರೆಂದು ನಂಬಿ ಜಲಜಮ್ಮ ರೇಷ್ಮೆ ಸೀರೆ ಉಟ್ಟು, ಶಾಲು ಹೊದ್ದು, ಫ್ಲಾಸ್ಕ್ ಹಿಡಿದು ಓಡಿಬಂದರು. ಷೆಡ್ಡಿನ ಮುಂದೆ ಮಂಜು ಗಟ್ಟಿಯಾಗಿ ಗಾಜಿನಂತಾಗಿತ್ತು. ಜಾರಿಬಿದ್ದರು. ಫ್ಲಾಸ್ಕ್ ಒಡೆಯಿತು, ಮಣಿಕಟ್ಟು ಉಳುಕಿತು. ತಲೆಯೆತ್ತಿದರೆ ನಾನು ದಿಮ್ಮಿಯ ಮೇಲೆ, ಗಂಡ ಬಾಯಿ ದುಂಡಗೆ ಮಾಡಿಕೊಂಡು ಪಕ್ಕದಲ್ಲಿ.

ಎಬ್ಬಿಸಲು ಬಂದ ಐತಾಳರ ಕೈಯನ್ನು ಅವರು ಹಿಡಿಯಲಿಲ್ಲ. “ನಿಮ್ಮ ಬಾಯಂಗೆ ಊರಿನವ್ರ ಸ್ವರ ಎಲ್ಲ ಇತ್ತ್. ನಿಮ್ದೊಂದ್ ಇಲ್ಲ,” ಎಂದರು. ಕೈಗೆ ಬಟ್ಟೆ ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಊರಿಗೆ ಹೊರಟುಹೋದರು.

ಐತಾಳರು ಹಿಂದೆ ಹೋಗಲಿಲ್ಲ. “ಕಾರ್ ಬಿಟ್ಟಿಕ್ ಹೋಪುಕೆ ಆತಿಲ್ಲ,” ಎಂದು ಕೇಳಿದವರಿಗೆಲ್ಲ ಹೇಳಿದರು. ಅದು ಸುಳ್ಳು. ಹಿಂದಿನ ವರ್ಷಗಳಲ್ಲೆಲ್ಲ ಬಿಟ್ಟುಹೋಗಿದ್ದರು. ಹಗ್ಗದ ಮೇಲೆ ಜಲಜಮ್ಮನ ನೀಲಿ ಚೌಕುಳಿ ಸೀರೆಯೊಂದು ಉಳಿದಿತ್ತು. ಚಳಿಗೆ ಹಪ್ಪಳದಂತೆ ಸೆಟೆದಿದ್ದ ಅದನ್ನು ಒಲೆಯ ಮುಂದೆ ಒಣಗಿಸಿ ತಂದು, ಟಾರ್ಪಾಲಿನಡಿ ನನಗೆ ಹೊದೆಸಿದರು. ಅಂಚು ಸರಿಮಾಡುತ್ತ ತುಂಬ ಹೊತ್ತು ನಿಂತಿದ್ದರು.

ಆ ಚಳಿಗಾಲ ನಾವಿಬ್ಬರೂ ಷೆಡ್ಡಿಗೆ ಬಿದ್ದವರೇ. ಹಿಮ ಕಿಟಕಿಯವರೆಗೆ ಏರಿತು. ಪ್ರವಾಸಿಗರಿಲ್ಲ, ಹೋಟೆಲಿನ ಒಲೆ ತಣ್ಣಗೆ. ಐತಾಳರು ಬಂದು ಸೌದೆಯ ರಾಶಿಯ ಮೇಲೆ ಕೂರುತ್ತಿದ್ದರು. ಎದುರುಬದುರು ಇಬ್ಬರು ಮೂಕರು. ಒಮ್ಮೆ ‘ಖೊರ್, ಖೊರ್’ ಎಂದು ನೋಡಿದರು. ಎರಡು ಕೆಮ್ಮು ಬಂತು, ಮೂರನೆಯದೂ ಕೆಮ್ಮೇ ಆಯಿತು, ಗರ್ಜನೆ ಬರಲೇ ಇಲ್ಲ. ಆಮೇಲೆ ಪ್ರಯತ್ನಿಸಲಿಲ್ಲ. ಮತ್ತೊಂದು ದಿನ ನನ್ನ ಒಡೆದ ಕಣ್ಣಿನ ಮೇಲಿನ ಧೂಳು ಒರೆಸಿ, “ಬೇಸಿಗೆಗೆ ಅವ್ಳ್ ಬರ್ದಿದ್ರೆ ನಾ ಹೋಟ್ಲ್ ಬಾಗ್ಲ್ ತೆಗಿತಿಲ್ಲೆ. ನಿನ್ನನ್ನೂ ಯಾರಿಗಾರೂ ಕೊಟ್ಬಿಡ್ತೆ,” ಎಂದರು. ಮೈಯೆಲ್ಲ ತಗಡಾದ ನನಗೂ ನಡುಕ ಬಂತು.

ಒಂದು ಮಧ್ಯಾಹ್ನ ಬಾಲಕ್‌ರಾಮ ಷೆಡ್ಡಿಗೆ ಬಂದ. ಟಾರ್ಪಾಲು ಎತ್ತಿ, ಬಾನೆಟ್ ತೆರೆದು ಇಣುಕಿದ. ಆಮೇಲೆ ಫೋನು ತೆಗೆದು ಯಾರಿಗೋ ಮಾಡಿ, ಸ್ಪೀಕರ್ ಹಾಕಿ ನನ್ನ ಮಡ್ಗಾರ್ಡಿನ ಮೇಲಿಟ್ಟ. ಅತ್ತ ಕಡೆಯಿಂದ ಬಂದದ್ದು ಜಲಜಮ್ಮನ ಸ್ವರ!

ಆದದ್ದು ಇಷ್ಟು. ಗಂಡನಿಗೆ ತಾನಾಗಿ ಫೋನು ಮಾಡಲು ಅಭಿಮಾನ ಅಡ್ಡ. ಹಾಗಾಗಿ ಜಲಜಮ್ಮ ಬಾಲಕ್‌ರಾಮನಿಗೆ ಮಾಡಿ, ತಮ್ಮ ಅಡುಗೆಮನೆ ಹಿಂದಿಯಲ್ಲಿ, ವಾರಕ್ಕೊಮ್ಮೆ ಹೋಗಿ “ಕಾಣಿ ಭಯ್ಯಾ, ಕಾಣಿ” ಎಂದಿದ್ದರು. ಗಂಡನನ್ನು ನೋಡಿ ಎಂದು ಅವರ ಅರ್ಥ. ಅವನು ಬಂದದ್ದು ಕಾನಿಯ ಹತ್ತಿರ. ಇನ್ನು ಜಲಜಮ್ಮನಿಗೆ ಹಿಂದಿಯ ಗಂಡು ಹೆಣ್ಣು ಎಂದೂ ಕೂಡಿಬಂದಿರಲಿಲ್ಲ. ಅವರ ಬಾಯಲ್ಲಿ ದೋಸೆ ಬರುತ್ತಾನೆ, ಗಂಡ ಹೋಗುತ್ತಾಳೆ. ಆದ್ದರಿಂದ ಬಾಲಕ್‌ರಾಮ ‘ಇದ್ದಾಳೆ’ ಅಂದರೂ ಅನುಮಾನ ಬರಲಿಲ್ಲ. ಅವರ ಹಿಂದಿಯನ್ನು ಕನ್ನಡದಲ್ಲೇ ಹೇಳುತ್ತೇನೆ.

“ಹೇಗಿದೆ ಭಯ್ಯಾ?”

“ತಣ್ಣಗೆ ಕೂತುಬಿಟ್ಟಿದ್ದಾಳೆ ಭಾಭೀಜಿ. ಸ್ವರವೇ ಇಲ್ಲ.”

“ಸ್ವರ ಇಲ್ಲವಾ? ಯಾರದೂ?”

“ಯಾರದೂ ಅಂದರೇನು? ನೀವು ಹೋದಮೇಲೆ ಒಂದು ಕೆಮ್ಮೂ ಇಲ್ಲ.”

“ಹೊಟ್ಟೆಗೆ?”

“ಹೊಟ್ಟೆ ತುಂಬಿದೆ, ಚಿಂತೆ ಬೇಡ.”

“ಎಣ್ಣೆ ಹಚ್ಚಿದೆಯಾ? ದೀಪಾವಳಿಗೆ ನಾನೇ ಹಚ್ಚಿದ್ದು.”

ಬಾಲಕ್‌ರಾಮ ನನ್ನನ್ನೊಮ್ಮೆ ನೋಡಿ, ಜಲಜಮ್ಮನ ಕೈಗೆಲಸಕ್ಕೆ ಬೆರಗಾಗಿ ತಲೆಯಾಡಿಸಿದ. “ಎಲ್ಲಿ ಭಾಭೀಜಿ, ಕೀಲುಕೀಲೂ ಒಣಗಿದೆ. ಹೊರಗೆ ಅಷ್ಟು ಹಿಮ. ಇವಳು ಪಾಪ ಕತ್ತಲಲ್ಲಿ ನಿಮ್ಮ ಸೀರೆ ಹೊದ್ದು ಕೂತಿದ್ದಾಳೆ.”

“ಎಂತ? ನನ್ನ ಸೀರೆಯಾ?”

“ನೀಲಿ ಚೌಕುಳಿಯದು.”

ಲೈನು ಕಡಿಯಿತೆಂದುಕೊಂಡು ಬಾಲಕ್‌ರಾಮ ಫೋನು ಎತ್ತಿ ಅಲ್ಲಾಡಿಸಿದ. ಆಮೇಲೆ ಸಣ್ಣ ಸ್ವರ ಕೇಳಿತು. “ಸರಿಯಾಗುತ್ತಾ ಭಯ್ಯಾ?”

“ಯಾಕಾಗಲ್ಲ! ಒಳಗೆ ಏನೂ ಕೆಟ್ಟಿಲ್ಲ. ಹಿಂದಿನಿಂದ ಒಬ್ಬರು ತಳ್ಳಬೇಕು ಅಷ್ಟೆ.”

“ಬತ್ತೆ,” ಎಂದರು ಜಲಜಮ್ಮ, ಕನ್ನಡದಲ್ಲೇ.

ದಾರಿಯ ಹಿಮ ಸರಿಸಿ ಬಸ್ಸು ಬಿಟ್ಟ ಮೊದಲ ವಾರವೇ ಬಂದರು. ಬಸ್ಸಿಳಿಯುವಲ್ಲಿ ಬಾಲಕ್‌ರಾಮ ಸಿಕ್ಕಿ, “ಮೊದಲು ಕಾನಿಯ ಹತ್ತಿರ ಹೋಗೋಣ,” ಎಂದು ನೇರ ನನ್ನ ಷೆಡ್ಡಿಗೇ ಕರೆತಂದ. ಟಾರ್ಪಾಲು ಸರಿಸಿ, “ನೋಡಿ,” ಎಂದ. ನೀಲಿ ಸೀರೆ ಹೊದ್ದು ಕೂತಿದ್ದವಳು ನಾನು.

ಜಲಜಮ್ಮ ನನ್ನನ್ನು ನೋಡಿದರು, ಅವನನ್ನು ನೋಡಿದರು. “ಕಾಣಿ ಅಂದ್ರೆ... ಈ ಕಾರಾ?”

“ಇನ್ನಾರು?”

ನಾನು ಉಸಿರು ಬಿಗಿಹಿಡಿದೆ. ಇಷ್ಟು ದೂರ ಬಂದದ್ದು ಕಾರಿನ ಕ್ಷೇಮಸಮಾಚಾರಕ್ಕೆ ಎಂದು ಗೊತ್ತಾದ ಹೆಂಗಸು ಅದೇ ಬಸ್ಸಿಗೆ ಹಿಂದಿರುಗಬಹುದು. ಅವರ ಮುಖ ಕೆಂಪಾಗಿತ್ತು. ಚಳಿಯೋ ಸಿಟ್ಟೋ ನನ್ನ ಒಂದು ಕಣ್ಣಿಗೆ ತಿಳಿಯಲಿಲ್ಲ. “ಇವ್ಳ ಬ್ಯಾಟರಿ ಎಲ್ಲಿ?” ಎಂದರು ಕೊನೆಗೆ, ಬಾನೆಟ್ ಎತ್ತಿ ಖಾಲಿ ಜಾಗ ನೋಡಿ.

“ಐತಾಳ್‌ಜಿಯ ಮಂಚದ ಮೇಲೆ, ನಿಮ್ಮ ಜಾಗದಲ್ಲಿ, ನಿಮ್ಮ ಕಂಬಳಿಯೊಳಗೆ. ಬೆಚ್ಚಗಿಡಬೇಕಂತೆ.”

ಜಲಜಮ್ಮ ನನ್ನ ಮೈಮೇಲಿನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಉಜ್ಜಿದರು. ಅಡುಗೆಮನೆಯ ಕಡೆಗೆ ಕಿವಿಗೊಟ್ಟರು. ಒಂದು ಸದ್ದಿಲ್ಲ, ಕುಕ್ಕರಿನ ಸೀಟಿಯಿಲ್ಲ, ಬಸ್ಸಿನ ಹಾರ್ನಿಲ್ಲ. ಬಾಲಕ್‌ರಾಮನಿಗೆ ಸುಮ್ಮನಿರೆಂದು ಕೈಮಾಡಿ, ತುಟಿ ದುಂಡಗೆ ಮಾಡಿದರು.

“ಖೊರ್, ಖೊರ್... ಟಪ್... ಘುರ್ರ್ರ್!”

ದೇವರಾಣೆಗೂ ನಾನೇ ಬೆಚ್ಚಿದೆ, ಬ್ಯಾಟರಿಯಿಲ್ಲದೆ ಚಾಲೂ ಆದೆನೇ ಎಂದು. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತವರು ಸುಮ್ಮನೆ ಕೂತಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಐತಾಳರು ಬರಿಗಾಲಲ್ಲಿ, ಕೈಯಲ್ಲಿ ಗಂಜಿಯ ಸೌಟು ಹಿಡಿದು ಓಡಿಬಂದರು. “ಹ್ವಾಯ್! ಯಾರದ್ ಕಾರಂಗೆ? ಇಳಿನಿ! ಇಳಿನಿ ಅಂದೆ!” ಷೆಡ್ಡಿನ ಮುಂದೆ, ಅದೇ ಮಂಜಿನ ಮೇಲೆ, ಕಾಲು ಒಂದು ಕಡೆ ಸೌಟು ಒಂದು ಕಡೆ ಹೋಗಿ ಧೊಪ್ಪನೆ ಕೂತರು.

ತಲೆಯೆತ್ತಿದರೆ ನಾನು ದಿಮ್ಮಿಯ ಮೇಲೆ, ಹೆಂಡತಿ ತುಟಿ ದುಂಡಗೆ ಮಾಡಿಕೊಂಡು ಪಕ್ಕದಲ್ಲಿ.

“ಐತಾಳ್‌ಜಿ, ಬ್ಯಾಟರಿ ನಿಮ್ಮ ಮಂಚದ ಮೇಲಿದೆ. ಗಾಡಿ ಹೇಗೆ ಚಾಲೂ ಆಗುತ್ತೆ?” ಎಂದ ಬಾಲಕ್‌ರಾಮ.

“ಕಾಣಿ,” ಎಂದು ಜಲಜಮ್ಮ ಕೈ ಚಾಚಿದರು.

ಐತಾಳರು ಆ ಕೈ ಹಿಡಿದರು, ಆದರೆ ಏಳಲಿಲ್ಲ. ಗಂಟಲಲ್ಲಿ ಏನೋ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು. ನಾನು ಗರ್ಜನೆಗೆ ಕಾದೆ. ಬಂದದ್ದು ನಗು.

ಅದಾಗಿ ಎಷ್ಟೋ ವರ್ಷವಾಯಿತು. ಈಗ ನನ್ನ ಎಂಜಿನ್ನು ನಿಜಕ್ಕೂ ನಿಂತುಹೋಗಿದೆ. ಬೇಸಿಗೆಯೂ ಇದೇ ಷೆಡ್ಡು, ಚಳಿಗಾಲವೂ ಇದೇ ಷೆಡ್ಡು. ಬೇಸರವಾದಾಗ ಆ ನಗುವನ್ನು ನೆನೆಯುತ್ತೇನೆ. ಕರ್ನಲ್ಲರದಲ್ಲ, ಪ್ರವಾಸಿಯದಲ್ಲ, ನನ್ನದೂ ಅಲ್ಲ, ಅಷ್ಟು ವರ್ಷಗಳಲ್ಲಿ ನಾನು ಕೇಳಿರದ ಹೊಸ ಸ್ವರ. ಅಂದು ಜಲಜಮ್ಮ ನಕ್ಕರು, ಬಾಲಕ್‌ರಾಮ ನಕ್ಕ. ಹಿಮದಲ್ಲಿ ಕೂತ ಐತಾಳರು ಇಬ್ಬರನ್ನೂ ಮೀರಿಸಿ ನಕ್ಕರು. ತಗಡಿನ ಮೇಲಿನ ಹಿಮವೆಲ್ಲ ಅದುರಿ ಅವರ ತಲೆಯ ಮೇಲೇ ಬಿತ್ತು. ಆಗ ಇನ್ನೂ ಜೋರಾಗಿ ನಕ್ಕರು.