ಮೊಮ್ಮಗಳ ಮೊದಲ ಕಾಫಿ

ದಿಲ್ಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನ ವಿಜಯಮ್ಮನವರ ಡಿಕಾಕ್ಷನ್ನಿನಲ್ಲಿ ಚಮಚ ನೆಟ್ಟರೆ ಗರುಡಗಂಬದ ಹಾಗೆ ನಿಲ್ಲುತ್ತಿತ್ತು. ಅದರ ಘಮಕ್ಕೆ ಎದುರು ಬ್ಲಾಕಿನ ಶರ್ಮಾಜಿ ನಿದ್ದೆಯಲ್ಲೇ ಎದ್ದು, ಹಲ್ಲುಜ್ಜಿ, ಸ್ಕೂಟರ್ ಒರೆಸಿ, ಆಮೇಲೆ ಎಚ್ಚರಗೊಳ್ಳುತ್ತಿದ್ದರಂತೆ. ಅಂಥ ವಿಜಯಮ್ಮ ಮೊನ್ನೆಯಿಂದ ಕಾಫಿ ಮುಟ್ಟಿರಲಿಲ್ಲ. ಸೊಸೆ ಲಾವಣ್ಯಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅಂಗೈಯಗಲದ ಹೆಣ್ಣುಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿತ್ತು. 'ಮಗು ಉಳೀಲಿ, ಅದು ಮನೆಗೆ ಬರೋವರೆಗೆ ಕಾಫಿ ಬಿಟ್ಟೆ ಕಣಪ್ಪಾ' ಎಂದು ದೇವರಿಗೆ ಹರಕೆ ಹೊತ್ತಿದ್ದರು.

ಮರುದಿನದಿಂದಲೇ ತಲೆ ಸಿಡಿಯತೊಡಗಿತು. ಕಾಮನ್‌ವೆಲ್ತ್ ಆಟಕ್ಕೆಂದು ದಿಲ್ಲಿಯನ್ನೆಲ್ಲ ಅಗೆಯುತ್ತಿದ್ದ ಯಂತ್ರಗಳು ತಮ್ಮ ತಲೆಯೊಳಗೂ ಒಂದು ಹೊಂಡ ತೋಡುತ್ತಿವೆ ಎನಿಸಿತು.

ಅಂಥ ತಲೆ ಹೊತ್ತು ಆಸ್ಪತ್ರೆಗೆ ಬಂದರೆ ಮಗುವಿನ ಪೆಟ್ಟಿಗೆಯ ಪಕ್ಕದಲ್ಲೇ ಮಕ್ಕಳ ಡಾಕ್ಟರ್ ಅಹಲ್ಯಾ ಎದುರಾದಳು. ದಿಲ್ಲಿಯ ಜನಕಪುರಿಯಲ್ಲೇ ಬೆಳೆದ ಕನ್ನಡದ ಹುಡುಗಿ.

'ಅಜ್ಜಿ, ಮಗು ಬೀಚ್ ಬೀಚ್ ಮೇ, ಮಧ್ಯೆ ಮಧ್ಯೆ, ಉಸಿರಾಡೋದೇ ಮರೀತಾ ಇದೆ. ಬೇಗ ಹುಟ್ಟಿತಲ್ಲ, ಬ್ರೇನ್ ಇನ್ನೂ ಕಚ್ಚಾ. ನೆನಪು ಮಾಡಿಸೋಕೆ ಕೆಫೀನ್ ಕೊಡ್ತೀವಿ.'

'ಏನದು?'

'ಕಾಫಿಯಲ್ಲಿ ಇರುತ್ತಲ್ಲಾ, ಅದೇ.'

ಬಸುರಿಗೆ ಕಾಫಿ ಕೂಡದೆಂದು ಸೊಸೆಯ ಲೋಟ ಕಿತ್ತುಕೊಂಡವರು ವಿಜಯಮ್ಮನೇ. ಮಗುವಿಗಾಗಿ ತಾವು ಕಾಫಿ ಬಿಟ್ಟರೆ, ಇವರು ಮಗುವಿಗೇ ಕುಡಿಸುತ್ತಾರಂತೆ! ದೇವರಿಗೆ ಇದನ್ನು ಹೇಗೆ ಹೇಳುವುದು?

'ಇನ್ನೊಂದು ಮಾತು' ಎಂದಳು ಅಹಲ್ಯಾ. 'ಇದರಿಂದ ತಲೆಗೆ ಹೋಗೋ ರಕ್ತ ಸ್ವಲ್ಪ ಹೊತ್ತು ಕಮ್ಮಿ ಆಗಬಹುದು. ಅದಕ್ಕೇ ಕೊಡೋ ಮುಂಚೆ, ಕೊಟ್ಟ ಮೇಲೆ, ಮಷೀನ್ ಇಟ್ಟು ನೋಡ್ತೀವಿ.'

'ಉಸಿರು ಜಾಸ್ತಿ, ರಕ್ತ ಕಮ್ಮಿಯಾ? ಒಲೆ ಹೊತ್ತಿಸಿ ಎಸರು ಚೆಲ್ಲಿದ ಹಾಗಾಯ್ತಲ್ಲೇ ತಾಯಿ! ಬೇಡ.'

ಜೊತೆಗೆ ಬಂದಿದ್ದ ಮಗ ಇಂದುಶೇಖರ, ಅಮ್ಮ ಹೂಂ ಅನ್ನದೆ ಮನೆಯ ಬಲ್ಬನ್ನೂ ಬದಲಿಸದವನು. 'ಅಮ್ಮಾ, ಲಾವಣ್ಯಾ ಒಪ್ಪಿದಾಳೆ' ಎಂದು ಗೊಣಗಿದ.

'ಕಾಫಿ ಅಂದ್ರೆ ಅವಳು ಯಾವುದಕ್ಕೂ ಒಪ್ತಾಳೆ.'

ಅಷ್ಟರಲ್ಲಿ ಪೆಟ್ಟಿಗೆ ಕೀಂಯ್ ಎಂದಿತು. ಮಗುವಿನ ಎದೆ ಆಡುತ್ತಿರಲಿಲ್ಲ. ನರ್ಸ್ ಕೈ ಹಾಕಿ ಅಂಗಾಲು ತಟ್ಟಿದಳು, ಉಜ್ಜಿದಳು. ಮಗು ಮುಲುಗಿ ಮತ್ತೆ ಉಸಿರೆಳೆಯಿತು. ವಿಜಯಮ್ಮ ತಲೆ ಹಿಡಿದು ಕುಸಿದರು.

'ತಲೆನೋವಾ ಅಜ್ಜಿ?'

'ಕಾಫಿ ಬಿಟ್ಟಿದೀನಮ್ಮ. ಹರಕೆ.'

'ಅರೇ, ಅದೇ ಇದು! ಕಾಫಿ ತಲೆಯ ನಾಳಗಳನ್ನ ಬಿಗಿ ಹಿಡಿದಿರುತ್ತೆ. ಬಿಟ್ರೆ ರಕ್ತ ನುಗ್ಗುತ್ತೆ, ಧಕ್ ಧಕ್ ಅಂತ ನೋವು. ಇಷ್ಟು ವರ್ಷ ನಿಮ್ಮ ತಲೆಗೂ ಸ್ವಲ್ಪ ಕಮ್ಮಿನೇ ಹೋಗ್ತಿತ್ತು.'

'ಕಮ್ಮಿ ರಕ್ತದಲ್ಲೇ ನಾನು ಇವರನ್ನೆಲ್ಲ ಆಳಿದ್ನಾ?'

'ಪೂರ್ತಿ ಹೋಗಿದ್ರೆ ನಮ್ಮ ಗತಿ ಏನಮ್ಮಾ!' ಎಂದ ಇಂದುಶೇಖರ.

ವಿಜಯಮ್ಮ ನಗಲಿಲ್ಲ. 'ಹಂಗಾದ್ರೆ ಮಗೂಗೂ ಏನೂ ಆಗಲ್ವಾ?'

'ಅದರ ತಲೆ ನಿಮ್ಮ ತಲೆ ಅಲ್ಲ ಅಜ್ಜಿ. ಅದಕ್ಕೇ ನೋಡ್ತಾ ಇರ್ತೀವಿ. ಆದ್ರೆ ಹೀಗೆ ಉಸಿರೇ ನಿಲ್ತಾ ಹೋದ್ರೆ ತಲೆಗೆ ಇನ್ನೂ ಕಷ್ಟ.'

ವಿಜಯಮ್ಮನ ಬುದ್ಧಿಗೆ ಅರ್ಧ ಹೊಕ್ಕಿತು, ಅರ್ಧ ಹೊರಗೇ ನಿಂತಿತು. 'ಹೂಂ' ಎಂದುಬಿಟ್ಟರು.

ಅಹಲ್ಯಾ ಮಗುವಿನ ನೆತ್ತಿಗೆ ಏನೋ ಲೋಳೆ ಹಚ್ಚಿ ಮಷೀನಿನ ಕಡ್ಡಿ ಇಟ್ಟಳು. ವಿಜಯಮ್ಮನ ಮುಖ ಅರಳಿತು. 'ನೋಡೋ, ನೆತ್ತಿಗೆ ಎಣ್ಣೆ ಒತ್ತೋದು ದಿಲ್ಲಿಯವರಿಗೂ ಗೊತ್ತು!'

ಕೆಫೀನ್ ಮಗುವಿನ ಮೈಗೆ ಹೋಯಿತು. ಮಷೀನಿನ ಪರದೆಯ ಮೇಲೆ ತಲೆಯ ರಕ್ತದ ಓಟ ತೋರಿಸುವ ಅಲೆಗಳು ಸ್ವಲ್ಪ ತಗ್ಗಿದವು. ವಿಜಯಮ್ಮನ ಜೀವವೂ ತಗ್ಗಿತು. ಸಂಜೆಯ ಹೊತ್ತಿಗೆ ಅಲೆ ಮೊದಲಿನಂತೆಯೇ ಎದ್ದಿತ್ತು, ಪೆಟ್ಟಿಗೆ ಮತ್ತೆ ಕೀಂಯ್ ಎಂದಿರಲಿಲ್ಲ.

'ಚಲೋ ಅಜ್ಜಿ, ಇನ್ನು ನೀವೂ ಒಂದು ಕಾಫಿ ಕುಡೀರಿ, ನೋವು ಹೋಗುತ್ತೆ.'

'ಬೇಡಮ್ಮ. ನನ್ನ ಲೋಟ ಮೊಮ್ಮಗಳು ಕುಡೀತಿದಾಳೆ. ಅವಳು ಬಿಟ್ಟ ದಿನ ನಾನು ಹಿಡೀತೀನಿ.' ಅಷ್ಟು ಹೇಳಿ ಗಕ್ಕನೆ ನಿಂತರು. 'ಅಲ್ಲಾ ಕಣೇ, ಬಿಟ್ಟಾಗ ಅವಳಿಗೂ ಹಿಂಗೇ ತಲೆ ಸಿಡಿಯುತ್ತಾ?'

'ಗೊತ್ತಿಲ್ಲ ಅಜ್ಜಿ. ಇಷ್ಟು ಚಿಕ್ಕವರು ಹೇಳಲ್ವಲ್ಲ.'

'ಇವಳು ಹೇಳ್ತಾಳೆ ಬಿಡು' ಎಂದರು ವಿಜಯಮ್ಮ, ಒಂದು ಕೈಯಲ್ಲಿ ತಮ್ಮ ಹಣೆ ಒತ್ತಿಕೊಂಡು, ಇನ್ನೊಂದನ್ನು ಗಾಜಿನ ಮೇಲಿಟ್ಟು.