ರಾಜಿಯ ಎಲೆ

“ಎಂತ ಮಾರಾಯ್ತಿ, ಮದುವೆಗೆ ಬಂದದ್ದಾ ನೀನು? ಇಷ್ಟು ಒಳ್ಳೆ ಸೀರೆ ಎಂತಕ್ಕೆ ಉಟ್ಟದ್ದು? ಫೋಟೊದಲ್ಲಿ ಪೆಟ್ಟು ತಿಂದವರ ಹಾಗೆ ಕಾಣ್ಬೇಕಲ್ಲ! ಹೋಗು, ಕೆಲಸದ ಸೀರೆ ಉಟ್ಕೊಂಡು ಬಾ.”

ಸುಖೇಶ್ ಶೆಟ್ಟರು ಹೀಗೆಂದದ್ದು ಪುಣೆಯ ಕಾತ್ರಜದಲ್ಲಿರುವ ತಮ್ಮ ಹೋಟೆಲಿನ ಹಾಲ್‌ ಬಾಗಿಲಲ್ಲಿ, ಬಂದ ನೂರು ಜನರ ಎದುರು. ಭೀಮವ್ವ ತನಗಿದ್ದ ಒಂದೇ ಒಳ್ಳೆಯ ಸೀರೆಯ ಸೆರಗನ್ನು ಮುದುರಿ ಹಿಡಿದುಕೊಂಡಳು. ಮಗ ಮರೆಪ್ಪ ಮೊದಲ ಪಗಾರದಲ್ಲಿ ಸ್ವಾರಗೇಟಿನಿಂದ ತಂದುಕೊಟ್ಟದ್ದು ಅದು.

“ಮನಿ ದೂರ ಅದರಿ ಸಾವ್ಕಾರ. ಮಗನ್ನ ಒಬ್ಬನ್ನ ಬಿಟ್ಟು ಹೋಗಾಕ ಬರಂಗಿಲ್ರಿ.”

“ಹಾಗಾದ್ರೆ ಹಿಂದಿನ ಬಾಗಿಲಿಂದ ಬಾ. ಇಲ್ಲಿ ದೊಡ್ಡವರೆಲ್ಲ ಬರ್ತಾರೆ.”

ಅವಳು ಮಗನ ಗಾಲಿಕುರ್ಚಿಯನ್ನು ತಿರುಗಿಸಿ, ಪಾತ್ರೆ ತೊಳೆಯುವ ಜಾಗದ ಕೊಚ್ಚೆ ದಾಟಿ ಹಿಂದಿನಿಂದ ಬಂದಳು. ಯಾದಗಿರಿಯ ಕಡೆಯಿಂದ ಬಂದು ಹದಿನೆಂಟು ವರ್ಷ ಪುಣೆಯ ಕಟ್ಟಡಗಳಿಗೆ ಸಿಮೆಂಟು ಹೊತ್ತವಳು ಅವಳು. ಅವಳು ಹೊತ್ತು ಕಟ್ಟಿದ ಯಾವ ಕಟ್ಟಡದ ಮುಂಬಾಗಿಲೂ ಅವಳಿಗಾಗಿ ತೆರೆದಿರಲಿಲ್ಲ, ಇದೇನು ಹೊಸದಲ್ಲ.

ಕಳೆದ ಏಪ್ರಿಲ್‌ನಲ್ಲಿ, ಜಯಂತಿಯ ಹಿಂದಿನ ದಿನ, ಅವರಿದ್ದ ಜೋಪಡಿ ವಸ್ತಿಯ ನಲ್ಲಿಯ ಹತ್ತಿರ ನೀಲಿ ಬಾವುಟ ಕಟ್ಟುವ ವಿಷಯಕ್ಕೆ ಮೇಲಿನ ಗಲ್ಲಿಯವರಿಗೂ ಕೆಳಗಿನ ಗಲ್ಲಿಯ ದಲಿತರಿಗೂ ಹೊಡೆದಾಟವಾಯಿತು. ಮರೆಪ್ಪ ಏಣಿ ಹಿಡಿದು ನಿಂತಿದ್ದ, ಅಷ್ಟೇ ಅವನ ತಪ್ಪು. ಮೇಲಿನ ಗಲ್ಲಿಯ ಗಂಗೂಬಾಯಿಯ ಮಗ ಕಬ್ಬಿಣದ ಸಲಾಕೆಯಿಂದ ಅವನ ತಲೆಗೆ ಹೊಡೆದ. ಭೀಮವ್ವ ಕೊಡ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು, ಕಣ್ಣಾರೆ ಕಂಡಳು. ನೋಡಿದವರು ಬೇಕಾದಷ್ಟು ಜನ. ಸಾಕ್ಷಿ ಹೇಳಲು ಕೊನೆಗೆ ಉಳಿದವಳು ಅವಳೊಬ್ಬಳೇ. ಭೋಸರಿಯ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಇಪ್ಪತ್ತಮೂರರ ಹುಡುಗ ಈಗ ಬಾಯಿಗಿಟ್ಟ ಗಂಜಿ ನುಂಗಿದರೆ ಅದೇ ದೊಡ್ಡದು.

ಆಮೇಲೆ ಅನುದಾನ ಬಂತು. ಎರಡು ಗಲ್ಲಿಗಳನ್ನು ಒಂದು ಮಾಡಲೆಂದು ಯಾವುದೋ ಕಂಪನಿ ದುಡ್ಡು ಕೊಟ್ಟಿತು, ಹಂಚುವುದಕ್ಕೆ ಸೌಹಾರ್ದ ಸಮಿತಿ ಹುಟ್ಟಿತು, ಸಮಿತಿಗೆ ಶೆಟ್ಟರು ಅಧ್ಯಕ್ಷರಾದರು. ಹಾಲ್ ಬಾಡಿಗೆಯೂ ಅವರಿಗೇ, ಊಟದ ಬಿಲ್ಲೂ ಅವರಿಗೇ. ಉರಿಯುವ ಮನೆಯಲ್ಲಿ ಗಳ ಹಿರಿಯುವವರಿಗೆ ಪುಣೆಯಲ್ಲೇನು ಬರವೇ? ಸಮಿತಿಯ ಓಡಾಟವೆಲ್ಲ ಅಪೂರ್ವಳದು. ಬೆಂಗಳೂರಿನ ಹುಡುಗಿ, ಕೆಟ್ಟವಳಲ್ಲ. ಮರೆಪ್ಪನಿಗೆ ಒಂದು ವರ್ಷದ ಚಿಕಿತ್ಸೆ ಕೊಡಿಸುತ್ತೇನೆಂದಿದ್ದಳು, ಈ ಗಾಲಿಕುರ್ಚಿಯನ್ನೂ ಬೆಳಿಗ್ಗೆ ಅವಳೇ ಕಳಿಸಿದ್ದಳು. ಅದಕ್ಕೆ ಬದಲು ಹೊಡೆದವನ ಮತ್ತು ಪೆಟ್ಟು ತಿಂದವನ ಮನೆಯವರು ವೇದಿಕೆಯ ಮೇಲೆ ಒಂದಾದಂತೆ ಕಂಡರೆ ಸಾಕಿತ್ತು.

“ಅಮ್ಮ, ನಿಮ್ ಕಡೆ ರಾಜಿ ಆದ್ರೆ ಎಲೆ ಅಡಿಕೆ ಕೊಡ್ತಾರಂತೆ ಅಲ್ವಾ?” ಅಪೂರ್ವ ತಟ್ಟೆ ತೋರಿಸಿದಳು. “ನಾನೇ ರಿಸರ್ಚ್ ಮಾಡಿ ಪ್ರೋಗ್ರಾಮಲ್ಲಿ ಹಾಕಿಸ್ದೆ. ಗಂಗೂಬಾಯಿ ಕೊಡ್ತಾರೆ, ನೀವು ತಗೊಳ್ಳಿ. ತುಂಬಾ ಚೆನ್ನಾಗಿರುತ್ತೆ.”

ಭೀಮವ್ವ ತಟ್ಟೆಯಿಂದ ಹಿಂದೆ ಸರಿದಳು. ಅವಳ ಕೇರಿಯಲ್ಲಿ ಹತ್ತು ಮಂದಿಯ ಮುಂದೆ ರಾಜಿಯ ಎಲೆ ಹಿಡಿದರೆ ಮುಗಿಯಿತು, ಆ ಮಾತನ್ನು ಸಾಯುವ ತನಕ ಎತ್ತುವಂತಿಲ್ಲ. ಊರ ಗೌಡ ಅವಳ ಸೋದರತ್ತೆಯನ್ನು ಕೆಡಿಸಿದಾಗ ಅವಳಪ್ಪ ಅಂಥದೊಂದು ಎಲೆ ಹಿಡಿದಿದ್ದ. ಆಮೇಲೆ ಮೂವತ್ತು ವರ್ಷ ಅದೇ ಗೌಡನಿಗೆ ಕೈಮುಗಿದು ಸತ್ತ.

“ಎಲಿ ಬ್ಯಾಡ ಯವ್ವಾ. ಕೈ ಮುಗಿ ಅಂದ್ರ ಮುಗೀತೀನಿ, ಅಳು ಅಂದ್ರ ಅಳತೀನಿ. ಎಲಿ ಹಿಡದ್ರ ಕೋರ್ಟಿನ್ಯಾಗ ಬಾಯಿ ಬಿಡಾಕ ಬರಂಗಿಲ್ಲ. ಬರೂ ಸೋಮಾರ ನನ್ನ ಸಾಕ್ಷಿ ಅದ.”

“ಅಯ್ಯೋ, ಇದು ಸುಮ್ನೆ ಫೋಟೊಗೆ ಅಮ್ಮ. ಕೋರ್ಟಿಗೂ ಇದಕ್ಕೂ ಸಂಬಂಧಾನೇ ಇಲ್ಲ.”

“ಸಂಬಂಧ ಉಂಟು,” ಎಂದರು ಹಿಂದೆ ನಿಂತಿದ್ದ ಶೆಟ್ಟರು. “ಮತ್ತೆಂತಕ್ಕೆ ಇಷ್ಟೆಲ್ಲ ಮಾಡುದು? ನೀನು ಅಲ್ಲಿ ಹೋಗಿ ಬೊಬ್ಬೆ ಹಾಕ್ಲಿಕ್ಕಾ? ಎಲೆ ಹಿಡಿ, ಬಾಯಿ ಮುಚ್ಚು. ಇಲ್ಲದಿದ್ರೆ ಆ ಕುರ್ಚಿಯಿಂದ ನಿನ್ನ ಮಗನನ್ನು ಈಗಲೇ ಇಳಿಸ್ತೇನೆ. ನಿಮ್ಮ ಜಾತಿಗೆ ಎಷ್ಟು ಕೊಟ್ರೂ ಅಷ್ಟೆ.”

ಅಪೂರ್ವ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದಳು.

ಭೀಮವ್ವ ಮಗನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವನು ಮಲಗದೆ ಕುಳಿತಿದ್ದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣು ತಿರುಗುವ ಫ್ಯಾನಿನ ಮೇಲಿತ್ತು. ಒಂದು ವರ್ಷ ಸರಿಯಾಗಿ ನೋಡಿಕೊಂಡರೆ ‘ಯವ್ವಾ’ ಎಂದಾನು ಎಂದು ಡಾಕ್ಟರು ಹೇಳಿದ್ದರು. ಅದೊಂದು ಮಾತಿಗಾಗಿ ಅವಳು ಏನನ್ನಾದರೂ ಕೊಟ್ಟಾಳು. ಸೆರಗಿನಿಂದ ಅವನ ಬಾಯಿ ಒರೆಸಿ ವೇದಿಕೆ ಹತ್ತಿದಳು.

ಗಂಗೂಬಾಯಿ ಅಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ಇದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಕನ್ನಡ ಕೇಳಿ ಕೇಳಿ ಅವಳಿಗೆ ಅರ್ಥವಾಗುತ್ತಿತ್ತು, ಬೆರಳ ಸಂದುಗಳೆಲ್ಲ ಸೋಪಿನ ನೀರಿಗೆ ಕೊಳೆತಿದ್ದವು. ಮಗನನ್ನು ಜಾಮೀನಿನ ಮೇಲೆ ಬಿಡಿಸಿಕೊಟ್ಟವರು ಶೆಟ್ಟರೇ. ಮೈಕಿನಲ್ಲಿ ಯಾರೋ ಪ್ರೀತಿ, ಶಾಂತಿ ಎನ್ನುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಂಗೂಬಾಯಿ ಎಲೆ ಚಾಚಿದಳು, ಭೀಮವ್ವ ಅದರ ತುದಿ ಹಿಡಿದಳು. ಆದರೆ ಗಂಗೂಬಾಯಿ ಬಿಡಲಿಲ್ಲ.

“ಸೋಡ ಬಾಯಿ, ಸೋಡ,” ಬಿಡು ಬಿಡು ಎಂದು ಫೋಟೊದವನು ಕೂಗಿದ.

“ಘೇಊ ನಕೋ,” ಎಂದಳು ಗಂಗೂಬಾಯಿ. ತಗೋಬೇಡ. ಅವಳ ಗಲ್ಲಿಯಲ್ಲೂ ಎಲೆ ಹಿಡಿದ ಮಾತೆಂದರೆ ಮಾತೇ. “ಮಾಝ್ಯಾಚ ಪೋರಾನಂ ಮಾರಲಂ. ರಕ್ತಾಚಾ ಶರ್ಟ್ ಮೀಚ ಧುತಲಾ.”

ಹೊಡೆದದ್ದು ನನ್ನ ಮಗನೇ, ರಕ್ತದ ಅಂಗಿ ತೊಳೆದವಳು ನಾನೇ. ಮೈಕು ಪಕ್ಕದಲ್ಲೇ ಇದ್ದುದರಿಂದ ಹಿಂದಿನ ಸಾಲಿನವರಿಗೂ ಅದು ಕೇಳಿಸಿತು.

“ಮೈಕ್ ಬಂದ್ ಮಾಡಿ! ರಂಡೆ, ನಾಳೆಯಿಂದ ಈ ಕಡೆ ಬಂದ್ರೆ ಕಾಲು ಮುರಿತೇನೆ!” ಶೆಟ್ಟರು ಎಲೆಯನ್ನು ಕಸಿದು ಭೀಮವ್ವನ ಮುಷ್ಟಿಯೊಳಗೆ ತುರುಕಿದರು. “ನೀನು ಹಿಡಿಯೇ. ಹಿಡಿ!”

ಭೀಮವ್ವ ಅದನ್ನು ಹರಿದು ಅವರ ಬಿಳಿ ಅಂಗಿಗೆ ಎಸೆದಳು.

“ಥೂ, ನಿನ್ನ ಬಾಯಾಗ ಮಣ್ಣ ಹಾಕ, ಭಾಡ್ಯಾ! ನನ ಮಗ ಯವ್ವಾ ಅನ್ನದಿದ್ರ ಬಿಡ್ಲಿ. ಅವನ ಮಾತು ನಾ ಆಡತೀನಿ!”

ಹೇಳಿದ ಮೇಲೆ ಅವಳಿಗೆ ಅಳು ಬಂತು. ತಾನು ಏನನ್ನು ಹರಿದು ಎಸೆದೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಮಿತಿಯವರು ಬರುವ ಮೊದಲೇ ಕೆಳಗಿಳಿದು ಮಗನ ಕಂಕುಳಿಗೆ ಕೈ ಹಾಕಿ ಕುರ್ಚಿಯಿಂದ ಎತ್ತಿದಳು. ಎಲುಬಾಗಿದ್ದರೂ ಗಂಡಾಳು ಗಂಡಾಳೇ, ಅವನ ಕಾಲುಗಳು ನೆಲದ ಮೇಲೆ ಎಳೆದಾಡಿದವು. ಹಿಂದಿನಿಂದ ಬಂದ ಎರಡು ಕೈಗಳು ಆ ಕಾಲುಗಳನ್ನು ಎತ್ತಿಕೊಂಡವು. ಗಂಗೂಬಾಯಿಯವು. ಭೀಮವ್ವ ಬೇಡವೆನ್ನಲಿಲ್ಲ. ಇಬ್ಬರೂ ಅವನನ್ನು ಹೊತ್ತು ಅತಿಥಿಗಳ ನಡುವೆ ಮುಂಬಾಗಿಲಿನಿಂದಲೇ ಹೊರಟರು.

ಹೆದ್ದಾರಿಯಲ್ಲಿ ಸಾತಾರಾ ಕಡೆಯ ಬಸ್ಸುಗಳು ಹಾರ್ನು ಹೊಡೆಯುತ್ತಾ ಮೈಗೆ ತಾಗುವಂತೆ ಹೋಗುತ್ತಿದ್ದವು.

“ಸೋಮಾರ ಕೋರ್ಟಿನ್ಯಾಗೂ ಹೇಳತಿ ಏನ?” ಭೀಮವ್ವ ಕೇಳಿದಳು.

ಗಂಗೂಬಾಯಿ ಕಾಲುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಭೀಮವ್ವ ಮತ್ತೆ ಕೇಳಿದಳು.

“ಏಕುಲತಾ ಏಕ ಆಹೆ ಗಂ,” ಎಂದು ಗಂಗೂಬಾಯಿ ಗೋಳೋ ಎಂದು ಅತ್ತಳು. ನನಗಿರುವವನು ಒಬ್ಬನೇ ಮಗ ಕಣೇ.

“ನನಗೂ ಒಬ್ಬನ,” ಎಂದಳು ಭೀಮವ್ವ.

ವಸ್ತಿಯ ಏರು ಇನ್ನೂ ಮುಂದಿತ್ತು. ಜಾರುತ್ತಿದ್ದ ಮಗನನ್ನು ಅವಳು ಎದೆಯ ಮೇಲಕ್ಕೆ ಎಳೆದುಕೊಂಡಳು, ಅತ್ತ ಗಂಗೂಬಾಯಿಯೂ ಅಳುತ್ತಲೇ ಕೈ ಬದಲಿಸಿ ಕಾಲುಗಳನ್ನು ಹಿಡಿದಳು.